ಮೇದ ಹೊಲದ ತೀರ್ಪು

ಬೆಳೆದು ನಿಂತ ಹೊಲಕ್ಕೆ ರಾತ್ರಿ ಕುರಿಹಿಂಡು ನುಗ್ಗಿ ಮೇದು ಹೋದರೆ ನ್ಯಾಯ ಹೇಗೆ ಹೇಳಬೇಕು? ಯಲ್ಲಮ್ಮನ ಗುಡ್ಡದ ಬುಡದಲ್ಲಿರುವ ಉಗರಗೋಳದಂಥ ಊರಿನಲ್ಲಿ ಈ ಪ್ರಶ್ನೆಯನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಸುಗ್ಗಿ ಮುಗಿದ ಹೊಲದಲ್ಲಿ ಗೊಬ್ಬರಕ್ಕಾಗಿ ಕುರಿ ತರುಬಿಸುವ ರೈತನೇ, ಬಿತ್ತಿದ ಮೇಲೆ ಅದೇ ಹಿಂಡು ಬದು ದಾಟಿತೆಂದರೆ ಕೋಲು ಹಿಡಿದು ಬರುತ್ತಾನೆ. ಕುರುಬನಿಗೂ ರೈತನಿಗೂ ಒಬ್ಬರನ್ನು ಬಿಟ್ಟು ಒಬ್ಬರಿಗೆ ನಡೆಯದು. ಆದ್ದರಿಂದ ಇಂಥ ವ್ಯಾಜ್ಯದಲ್ಲಿ ಒಬ್ಬನನ್ನು ಗೆಲ್ಲಿಸಿ ಇನ್ನೊಬ್ಬನನ್ನು ಮುಳುಗಿಸಿದರೆ ಊರೇ ಸೋತಂತೆ.

ಕುರಾನ್ ವಿದ್ವತ್ತಿನಲ್ಲಿ ಜ್ಞಾನಕ್ಕೂ ವಿವೇಕಕ್ಕೂ ಇರುವ ಸಂಬಂಧವನ್ನು ಹುಡುಕುತ್ತ ಹೊರಟ ನನಗೆ ಇಂಥದೇ ಒಂದು ಹೊಲ ಸಿಕ್ಕಿತು. ಕುರಾನಿನ 21ನೇ ಅಧ್ಯಾಯ ‘ಅಲ್ ಅಂಬಿಯಾ’ದ 78 ಮತ್ತು 79ನೇ ವಾಕ್ಯಗಳಲ್ಲಿ ಅದು ಬರುತ್ತದೆ. ಒಂದು ಪಂಗಡದವರ ಕುರಿಗಳು ರಾತ್ರಿ ಹೊಲವೊಂದನ್ನು ಮೇದಿವೆ. ದಾವೂದ್ ಮತ್ತು ಅವರ ಮಗ ಸುಲೈಮಾನ್ ತೀರ್ಪು ಹೇಳುತ್ತಿದ್ದಾರೆ. ದೇವರು ಆ ವ್ಯಾಜ್ಯದ ಮರ್ಮವನ್ನು ಸುಲೈಮಾನರಿಗೆ ತಿಳಿಸಿದ. ಆದರೆ ನ್ಯಾಯಶಕ್ತಿಯನ್ನೂ ಜ್ಞಾನವನ್ನೂ ಇಬ್ಬರಿಗೂ ಕೊಟ್ಟಿದ್ದ ಎಂಬುದು ಅಲ್ಲಿನ ಸಾರಾಂಶ. ತೀರ್ಪುಗಳೇನು ಎಂಬುದನ್ನು ಮೂಲ ಹೇಳುವುದಿಲ್ಲ. ಅದನ್ನು ಹುಡುಕಲು ವ್ಯಾಖ್ಯಾನಕಾರರ ಬಳಿಗೇ ಹೋಗಬೇಕು. ನಮ್ಮ ಸೀಮೆಯಲ್ಲಿ ಆ ವ್ಯಾಖ್ಯಾನಗಳನ್ನು ಓದಿದವರು ಯಾರು, ಓದಿ ಏನು ಮಾಡಿದರು ಎಂಬುದಕ್ಕೆ ದಾಖಲೆಗಳ ಬಳಿಗೆ ಹೋಗಬೇಕು.

ಹೊರಡಲು ಇನ್ನೊಂದು ಕಾರಣವೂ ಇತ್ತು. ಸೂಫಿಗಳ ಬಗ್ಗೆ, ತತ್ವಪದಕಾರರ ಬಗ್ಗೆ ಕನ್ನಡದಲ್ಲಿ ಬರೆಯುವಾಗ ನಾವು ಒಂದು ಜೋಡಿಯನ್ನು ಪರೀಕ್ಷಿಸದೆ ಬಳಸುತ್ತ ಬಂದಿದ್ದೇವೆ. ಒಂದು ಕಡೆ ಗ್ರಂಥ ಓದಿಯೂ ಒಣಗಿಹೋದ ಮುಲ್ಲಾ, ಇನ್ನೊಂದು ಕಡೆ ಗ್ರಂಥ ಮುಟ್ಟದೆಯೂ ಅರಿವುಳ್ಳ ಫಕೀರ. ಜ್ಞಾನವನ್ನು ಮೊದಲನೆಯವನಿಗೂ ವಿವೇಕವನ್ನು ಎರಡನೆಯವನಿಗೂ ಹಂಚಿಕೊಟ್ಟು ಲೇಖನ ಮುಗಿಸುತ್ತೇವೆ. ಈ ಹಂಚಿಕೆಗೆ ದಾಖಲೆಗಳಲ್ಲಿ ಆಧಾರವಿದೆಯೇ?

ನ್ಯಾಯದ ಮನೆಯಲ್ಲಿ ಪುಸ್ತಕ

ಸವದತ್ತಿ, ರಾಮದುರ್ಗ, ಬೈಲಹೊಂಗಲದ ಸೀಮೆ ವಿಜಯಪುರದ ಆದಿಲ್‌ಶಾಹಿಗಳ ಆಳ್ವಿಕೆಗೆ ಒಳಪಟ್ಟಿತ್ತು. ಆ ರಾಜ್ಯದ ವಿದ್ವತ್ತಿನ ಕುರುಹು ಹುಡುಕುವವನು ಮೊದಲು ನಿಲ್ಲಬೇಕಾದದ್ದು ಆಸಾರ್ ಮಹಲಿನ ಮುಂದೆ. ಸುಮಾರು 1646ರಲ್ಲಿ ಮುಹಮ್ಮದ್ ಆದಿಲ್‌ಶಾಹ ಅದನ್ನು ಕಟ್ಟಿಸಿದ್ದು ನ್ಯಾಯದಾನಕ್ಕೆ. ಆಗ ಅದರ ಹೆಸರು ದಾದ್ ಮಹಲ್. ಆಮೇಲೆ ಪ್ರವಾದಿಯವರ ಪವಿತ್ರ ಕೇಶವನ್ನು ಅಲ್ಲಿರಿಸಿ ಆಸಾರ್ ಮಹಲ್ ಎಂದರು. ಅರಮನೆಯ ಗ್ರಂಥಭಂಡಾರದಲ್ಲಿ ಉಳಿದದ್ದು ಅಲ್ಲೇ ಸೇರಿತು. ಇಬ್ರಾಹಿಂ ಜುಬೈರಿ 1824ರಲ್ಲಿ ಬರೆದ ‘ಬಸಾತೀನ್ ಉಸ್ ಸಲಾತೀನ್’ ಈ ಊರಿನ ಪಾಠಶಾಲೆಗಳನ್ನು ನೆನೆಯುತ್ತದೆ. ಓದುವ ಹುಡುಗರಿಗೆ ಸರ್ಕಾರದಿಂದ ಊಟ, ತಲೆಗೊಂದು ಹೊನ್ನು, ವರ್ಷದ ಪರೀಕ್ಷೆಯಲ್ಲಿ ಗೆದ್ದವರಿಗೆ ಬಹುಮಾನ. ಜ್ಞಾನಕ್ಕೆ ಖಜಾನೆಯ ಖರ್ಚಿನ ಬಾಬತ್ತಿನಲ್ಲಿ ಜಾಗವಿತ್ತು.

1686ರಲ್ಲಿ ವಿಜಯಪುರ ಔರಂಗಜೇಬನ ಕೈಗೆ ಹೋಯಿತು. ಬಂಡಿಗಟ್ಟಲೆ ಗ್ರಂಥಗಳು ಆಗ ಹೊರಟುಹೋದವೆಂಬ ಮಾತಿದೆ. ಉಳಿದವು ಮಳೆ, ಹುಳ, ಅಲಕ್ಷ್ಯಗಳ ನಡುವೆ ಒಂದೂವರೆ ಶತಮಾನ ಬಿದ್ದಿದ್ದವು. 1848ರಲ್ಲಿ ಸಾತಾರ ಸಂಸ್ಥಾನ ಬ್ರಿಟಿಷರಿಗೆ ಸೇರಿದ ಮೇಲೆ, ಅಲ್ಲಿನ ಕಮಿಷನರ್ ಆಗಿದ್ದ ಬಾರ್ಟಲ್ ಫ್ರೀರ್ ಈ ರಾಶಿಯ ಬಗ್ಗೆ ಆಸಕ್ತಿ ತಳೆದರು. ಹಮೀದುದ್ದೀನ್ ಹಕೀಮ್ ಎಂಬ ವಿದ್ವಾಂಸರು ಒಂದೊಂದೇ ಕಟ್ಟು ಬಿಚ್ಚಿ ಪಟ್ಟಿ ಮಾಡಿದರು. 1853ರಲ್ಲಿ 434 ಹಸ್ತಪ್ರತಿಗಳು ಲಂಡನ್ನಿನ ಈಸ್ಟ್ ಇಂಡಿಯಾ ಕಂಪನಿಯ ಗ್ರಂಥಾಲಯ ಸೇರಿದವು. 1877ರಲ್ಲಿ ಜರ್ಮನ್ ವಿದ್ವಾಂಸ ಒಟ್ಟೊ ಲೋಟ್ ಪ್ರಕಟಿಸಿದ ಅರಬ್ಬಿ ಹಸ್ತಪ್ರತಿಗಳ ಸೂಚಿಯಲ್ಲಿ ಅವುಗಳ ವಿವರ ಸೇರಿತು. ಈಗ ಅವು ಬ್ರಿಟಿಷ್ ಲೈಬ್ರರಿಯಲ್ಲಿವೆ.

ಆ ಸಂಗ್ರಹದಲ್ಲಿ ಬಹುಪಾಲು ಅರಬ್ಬಿ, ಬಹುಪಾಲು ಧಾರ್ಮಿಕ ಶಾಸ್ತ್ರ: ಕುರಾನ್ ವ್ಯಾಖ್ಯಾನ, ಹದೀಸ್, ಧರ್ಮಶಾಸ್ತ್ರ, ತರ್ಕ, ವ್ಯಾಕರಣ, ಸೂಫಿ ಗ್ರಂಥ. ಸೂಚಿಗಳಲ್ಲಿ ಇವಕ್ಕೆಲ್ಲ ಬೇರೆ ಬೇರೆ ತಲೆಬರಹ. ಓದುತ್ತ ಹೋದಂತೆ ವ್ಯಾಖ್ಯಾನಕಾರ ಬೇರೆ, ಸೂಫಿ ಬೇರೆ ಎಂಬ ಭಾವನೆ ತಾನಾಗಿ ಮೂಡುತ್ತದೆ. ಆದರೆ ವಿಂಗಡಣೆ ಪಟ್ಟಿ ಮಾಡಿದವರದು, ಭಂಡಾರದ್ದಲ್ಲ. ಭಂಡಾರದಲ್ಲಿ ಅವು ಒಂದೇ ಸೂರಿನಡಿ ಇದ್ದವು. ಅವುಗಳನ್ನು ಬರೆದವರಲ್ಲಿ, ಓದಿದವರಲ್ಲಿ ಅನೇಕರು ಎರಡೂ ತಲೆಬರಹಗಳಿಗೆ ಸೇರಿದವರು.

ಅರಸನ ಓದು, ಗುರುವಿನ ಓದು

ಇದನ್ನು ಪರೀಕ್ಷಿಸಲು ಕಲಬುರಗಿಯ ಬಂದೇನವಾಜ್ ಗೇಸುದರಾಜರಿಗಿಂತ ಒಳ್ಳೆಯ ನಿದರ್ಶನವಿಲ್ಲ. 1321ರಲ್ಲಿ ದೆಹಲಿಯಲ್ಲಿ ಹುಟ್ಟಿದ ಇವರು ಚಿಶ್ತಿ ಗುರು ನಸೀರುದ್ದೀನ್ ಚಿರಾಗ್ ದೆಹಲವಿಯವರ ಶಿಷ್ಯರು. 1398ರಲ್ಲಿ ತೈಮೂರನ ದಾಳಿಯ ಹೊತ್ತಿಗೆ ದೆಹಲಿ ಬಿಟ್ಟು ದಕ್ಷಿಣಕ್ಕೆ ಬಂದರು. ಕಲಬುರಗಿಯಲ್ಲಿ ಆಗ ಫಿರೋಜ್ ಶಾಹ ಬಹಮನಿಯ ಆಳ್ವಿಕೆ.

ಇವರಿಬ್ಬರ ಭೇಟಿಯನ್ನು ನಮಗೆ ತಿಳಿಸುವವನು ಇತಿಹಾಸಕಾರ ಫಿರಿಶ್ತಾ. ವಿಜಯಪುರದಲ್ಲಿ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಆಶ್ರಯದಲ್ಲಿದ್ದು, ಘಟನೆ ನಡೆದು ಸುಮಾರು ಎರಡು ಶತಮಾನಗಳಾದ ಮೇಲೆ ಬರೆದವನು. ಫಿರೋಜ್ ಶಾಹ ಮೊದಲು ಗುರುವನ್ನು ಆದರದಿಂದ ಬರಮಾಡಿಕೊಂಡ. ಮಾತುಕತೆಯಲ್ಲಿ ಅವರ ವಿದ್ವತ್ತು ತನ್ನ ನಿರೀಕ್ಷೆಗೆ ಬಾರದ್ದನ್ನು ಕಂಡು ದೂರವಾದ. ಅರಸನ ತಮ್ಮ ಅಹಮದ್ ಮಾತ್ರ ಅವರನ್ನು ಬಿಡದೆ ಅನುಸರಿಸಿದ ಎಂದು ಫಿರಿಶ್ತಾ ಹೇಳುತ್ತಾನೆ. 1422ರಲ್ಲಿ ಸಿಂಹಾಸನವೇರಿದವನು ಆ ತಮ್ಮನೇ. ಅದೇ ವರ್ಷ ಗುರುಗಳೂ ತೀರಿಕೊಂಡರು. ವಿದ್ಯೆಯ ಅಹಂಕಾರದ ಅರಸ, ಓದಿಲ್ಲದ ಅನುಭಾವಿ, ಕೊನೆಗೆ ಅನುಭಾವಿಯ ಗೆಲುವು ಎಂದು ಕಥೆ ಕಟ್ಟಲು ಬೇಕಾದ ಎಲ್ಲವೂ ಇಲ್ಲಿದೆ. ಬಹಳ ಜನ ಹಾಗೇ ಕಟ್ಟಿಯೂ ಇದ್ದಾರೆ.

ಆದರೆ ಗೇಸುದರಾಜರ ಗ್ರಂಥಗಳ ಪಟ್ಟಿಯನ್ನು ಪಕ್ಕದಲ್ಲಿಟ್ಟರೆ ಆ ಕಥೆ ನಿಲ್ಲುವುದಿಲ್ಲ. ಅವರು ಕುರಾನಿಗೆ ‘ಮುಲ್ತಕತ್’ ಎಂಬ ವ್ಯಾಖ್ಯಾನ ಬರೆದವರು. ವ್ಯಾಕರಣ ಮತ್ತು ಅಲಂಕಾರದ ಸೂಕ್ಷ್ಮಗಳಿಗೆ ಹೆಸರಾದ ಜಮಖ್‌ಶರಿಯ ‘ಕಶ್ಶಾಫ್’ಗೆ ಟಿಪ್ಪಣಿ ಬರೆದವರು. ಮಗ ಅಕ್ಬರ್ ಹುಸೇನಿ ಕೂಡಿಸಿದ ಅವರ ಮಾತುಗಳ ಸಂಗ್ರಹ ‘ಜವಾಮಿ ಉಲ್ ಕಲಿಮ್’ ನೋಡಿದರೆ ಕುರಾನ್, ಹದೀಸ್, ಧರ್ಮಶಾಸ್ತ್ರಗಳ ಪ್ರಸ್ತಾಪ ಪುಟಪುಟಕ್ಕೂ ಬರುತ್ತದೆ. ಓದದ ಫಕೀರನ ಪುಸ್ತಕ ಹೀಗಿರಲಾರದು.

ಹಾಗಿದ್ದರೆ ಫಿರೋಜ್ ಶಾಹನಿಗೆ ಕೊರತೆಯಾಗಿ ಕಂಡದ್ದೇನು? ಅದಕ್ಕೂ ಫಿರಿಶ್ತಾನಲ್ಲೇ ಉತ್ತರವಿದೆ. ಫಿರೋಜ್ ವಾರಕ್ಕೆ ಮೂರು ದಿನ ತಾನೇ ಪಾಠ ಹೇಳುತ್ತಿದ್ದ. ಯೂಕ್ಲಿಡನ ರೇಖಾಗಣಿತ, ಖಗೋಳ, ತರ್ಕ, ಅಲಂಕಾರ ಅವನ ಪ್ರಿಯ ವಿಷಯಗಳು. 1407ರಲ್ಲಿ ದೌಲತಾಬಾದಿನ ಬಳಿ ವೀಕ್ಷಣಾಲಯವನ್ನೂ ಕಟ್ಟಿಸತೊಡಗಿದ್ದ. ಕುರಾನಿನ ಪುಟಗಳನ್ನು ತನ್ನ ಕೈಯಾರೆ ನಕಲು ಮಾಡುತ್ತಿದ್ದವನೂ ಅವನೇ. ಅವನ ಅಳತೆಗೋಲು ಗಣಿತ ಮತ್ತು ದರ್ಶನ. ಆ ಕಾಲದ ಪಾಠಶಾಲೆಗಳಲ್ಲಿ ಇಂಥ ಶಾಸ್ತ್ರಗಳಿಗೇ ‘ಹಿಕ್ಮತ್’, ಅಂದರೆ ವಿವೇಕ, ಎನ್ನುತ್ತಿದ್ದರು. ಅಂದಮೇಲೆ ಆ ದಿನದ ರೂಢಿಯ ಪ್ರಕಾರ ಹಿಕ್ಮತ್ ಇದ್ದದ್ದು ಅರಸನಲ್ಲಿ, ಕುರಾನ್ ಜ್ಞಾನ ಇದ್ದದ್ದು ಗುರುವಿನಲ್ಲಿ. ನಾವು ಇಂದು ಹಂಚಿಕೊಟ್ಟಿರುವುದಕ್ಕೆ ಇದು ಪೂರ್ತಿ ತಿರುಗುಮುರುಗು. ಅವರಿಬ್ಬರ ನಡುವೆ ಇದ್ದ ಅಂತರ ಓದಿದವನಿಗೂ ಓದದವನಿಗೂ ಇರುವ ಅಂತರವಲ್ಲ. ಎರಡು ಬಗೆಯ ಓದುಗಳ ನಡುವಿನದು.

ಹಿಕ್ಮತ್ ಎಂಬುದು ಹೀಗೆ ಶಾಸ್ತ್ರವೊಂದರ ಹೆಸರಾಗಿ ಕುಗ್ಗಿದ್ದಕ್ಕೆ ಮುನ್ನೂರು ವರ್ಷ ಹಿಂದೆಯೇ ಒಬ್ಬರು ನೊಂದುಕೊಂಡಿದ್ದರು. 1111ರಲ್ಲಿ ತೀರಿಕೊಂಡ ಇಮಾಮ್ ಗಜಾಲಿ ತಮ್ಮ ‘ಇಹ್ಯಾ ಉಲೂಮಿದ್ದೀನ್’ ಗ್ರಂಥದ ಜ್ಞಾನಪ್ರಕರಣದಲ್ಲಿ, ಮೂಲದ ಅರ್ಥ ಕಳೆದುಕೊಂಡ ಐದು ಪವಿತ್ರ ಪರಿಕಲ್ಪನೆಗಳನ್ನು ಹೆಸರಿಸುತ್ತಾರೆ. ಇಲ್ಮ್, ಅಂದರೆ ಜ್ಞಾನ, ಅವುಗಳಲ್ಲೊಂದು; ಹಿಕ್ಮತ್ ಮತ್ತೊಂದು. ವೈದ್ಯ, ಕವಿ, ಜ್ಯೋತಿಷಿಗಳ ಜೊತೆಗೆ ದಾರಿಬದಿಯಲ್ಲಿ ಕೂತು ಹಳ್ಳಿಗರಿಗೆ ಶಕುನ ಹೇಳುವವನೂ ಹಕೀಮನೆನಿಸಿಕೊಂಡನೆಂಬುದು ಅವರ ಅಳಲು. ಗಜಾಲಿಯವರ ದುಃಖ ಒಂದು ಕಡೆಗಷ್ಟೇ ಅಲ್ಲ. ಜ್ಞಾನವೆಂದರೆ ವಾದ ಗೆಲ್ಲುವ ಕಲೆಯಾಯಿತು, ವಿವೇಕವೆಂದರೆ ಹೊಟ್ಟೆಪಾಡಿನ ಕಸುಬಾಯಿತು, ಎರಡೂ ಒಟ್ಟಿಗೇ ಕೆಟ್ಟವು ಎಂಬುದು ಅವರ ನಿಲುವು. ಒಂದು ಕೆಟ್ಟು ಇನ್ನೊಂದು ಉಳಿಯಿತೆಂದು ಅವರು ಎಲ್ಲೂ ಹೇಳುವುದಿಲ್ಲ.

ತಂದೆಯ ಲೆಕ್ಕ, ಮಗನ ಲೆಕ್ಕ

ಈಗ ಮೇದ ಹೊಲಕ್ಕೆ ಬರೋಣ. 923ರಲ್ಲಿ ತೀರಿಕೊಂಡ ತಬರಿ ಹಿಂದಿನವರ ಮಾತುಗಳನ್ನೆಲ್ಲ ಹೇಳಿದವರ ಹೆಸರಿನ ಸಮೇತ ಕೂಡಿಟ್ಟ ವ್ಯಾಖ್ಯಾನಕಾರ. ಮೇದದ್ದು ಗೊನೆ ಬಿಟ್ಟ ದ್ರಾಕ್ಷಿತೋಟವೆಂದು ಒಬ್ಬರು, ಪೈರಿನ ಹೊಲವೆಂದು ಇನ್ನೊಬ್ಬರು. ತೀರ್ಪಿನ ವಿವರ ಮಾತ್ರ ಬಹುಮಟ್ಟಿಗೆ ಒಂದೇ. ದಾವೂದರು ಕುರಿಗಳನ್ನು ಹೊಲದವನಿಗೆ ಕೊಡಿಸಿದರು. ಸುಲೈಮಾನರು ಬೇರೆ ದಾರಿ ತೋರಿಸಿದರು: ಕುರಿಗಳು ಹೊಲದವನ ಬಳಿ ಇರಲಿ, ಅವುಗಳ ಹಾಲು, ಉಣ್ಣೆ, ಮರಿ ಅವನಿಗೆ ಸಿಗಲಿ, ಕುರಿಯವನು ಹೊಲದಲ್ಲಿ ದುಡಿದು ಅದನ್ನು ಮೊದಲಿನಂತೆ ಮಾಡಲಿ, ಹೊಲ ಮೊದಲಿನಂತಾದ ದಿನ ಹೊಲ ಅವನಿಗೆ, ಕುರಿ ಇವನಿಗೆ.

ಎರಡು ತೀರ್ಪುಗಳನ್ನು ರೈತಾಪಿ ಕಣ್ಣಿನಿಂದ ನೋಡಬೇಕು. ತಂದೆಯ ಲೆಕ್ಕದಲ್ಲಿ ತಪ್ಪಿಲ್ಲ. ಬೆಳೆಯ ಬೆಲೆ ಕುರಿಯ ಬೆಲೆಗೆ ಸಮವಾದರೆ ಕುರಿ ಕೊಟ್ಟು ಸಾಲ ತೀರಿಸುವುದು ಸರಿಯಾದ ನ್ಯಾಯವೇ. ಆದರೆ ಮೇದು ಹೋದದ್ದು ಒಂದು ಸುಗ್ಗಿಯ ಫಲ, ಭೂಮಿಯಲ್ಲ. ಹಿಂಡನ್ನೇ ಕಳೆದುಕೊಂಡವನು ಕಳೆದುಕೊಳ್ಳುವುದು ಬದುಕಿನ ಮೂಲವನ್ನು. ಫಲಕ್ಕೆ ಬದಲಾಗಿ ಫಲ ಕೊಡಲಿ, ಮೂಲ ಇಬ್ಬರಿಗೂ ಉಳಿಯಲಿ ಎಂಬುದು ಮಗನ ಲೆಕ್ಕ. ಈ ತೀರ್ಪು ಹೇಳಲು ಸುಲೈಮಾನರು ತಂದೆಗಿಂತ ಕಡಿಮೆ ತಿಳಿದಿದ್ದರೆ ಸಾಲುತ್ತಿರಲಿಲ್ಲ. ಹೊಲದ ಬೆಲೆ, ಕುರಿಯ ಬೆಲೆಯ ಜೊತೆಗೆ ಹಿಂಡು ವರ್ಷಕ್ಕೆಷ್ಟು ಈಯುತ್ತದೆ, ಮೇದ ಬಳ್ಳಿ ಎಷ್ಟು ದಿನಕ್ಕೆ ಚಿಗುರುತ್ತದೆ ಎಂಬುದೂ ಗೊತ್ತಿರಬೇಕು. ಸೋತವನು ನಾಳೆ ಏನು ಉಣ್ಣುತ್ತಾನೆ ಎಂಬ ಯೋಚನೆಯೂ ಬೇಕು. ವಿವೇಕಕ್ಕೆ ಜ್ಞಾನ ಹೆಚ್ಚು ಬೇಕಾಗುತ್ತದೆಯೇ ಹೊರತು ಕಡಿಮೆಯಲ್ಲ.

ಹಿಕ್ಮತ್ ಎಂದರೇನೆಂದು ತಬರಿ ಸಂಗ್ರಹಿಸಿದ ಉತ್ತರಗಳೂ ಇದೇ ದಿಕ್ಕಿನಲ್ಲಿವೆ. ಮುಜಾಹಿದರ ಪ್ರಕಾರ ಮಾತಿನಲ್ಲೂ ಕೆಲಸದಲ್ಲೂ ಸರಿಯಾದುದನ್ನು ಮುಟ್ಟುವುದು. ಇಮಾಮ್ ಮಾಲಿಕರ ಪ್ರಕಾರ ಧರ್ಮವನ್ನು ತಿಳಿಯುವುದು ಮತ್ತು ತಿಳಿದಂತೆ ನಡೆಯುವುದು. 820ರಲ್ಲಿ ತೀರಿಕೊಂಡ ಇಮಾಮ್ ಶಾಫಿಈ ‘ರಿಸಾಲಾ’ದಲ್ಲಿ ಇನ್ನೂ ಖಚಿತವಾಗಿ ವಾದಿಸಿದರು: ಕುರಾನ್ ಗ್ರಂಥವನ್ನೂ ಹಿಕ್ಮತ್ತನ್ನೂ ಜೋಡಿಯಾಗಿ ಹೇಳಿದಲ್ಲೆಲ್ಲ ಹಿಕ್ಮತ್ ಎಂದರೆ ಪ್ರವಾದಿಯವರ ನಡೆ. ಮೂವರಲ್ಲಿ ಯಾರೂ ವಿವೇಕವನ್ನು ಗ್ರಂಥದ ಆಚೆ ಇಟ್ಟಿಲ್ಲ, ಗ್ರಂಥದಲ್ಲೇ ಮುಗಿಸಿಯೂ ಇಲ್ಲ. ನಡೆಯಲ್ಲಿ ಅದನ್ನು ಕಂಡಿದ್ದಾರೆ. 31ನೇ ಅಧ್ಯಾಯಕ್ಕೆ ಹೆಸರಾದ ಲುಕ್ಮಾನರಿಗೆ ದೇವರು ಹಿಕ್ಮತ್ ಕೊಟ್ಟನೆಂದು ಕುರಾನ್ ಹೇಳುತ್ತದೆ. ಅವರು ಪ್ರವಾದಿಯಲ್ಲ ಎಂಬುದು ಹೆಚ್ಚಿನವರ ಅಭಿಪ್ರಾಯ. ಬಡಗಿಯೆಂದು, ದರ್ಜಿಯೆಂದು, ಕುರಿ ಕಾಯುವವನೆಂದು ವ್ಯಾಖ್ಯಾನಕಾರರು ಬೇರೆ ಬೇರೆ ಕಸುಬು ಹೇಳುತ್ತಾರೆ. ವಿವೇಕಿಯನ್ನು ಕೈಕೆಲಸ ಗೊತ್ತಿರುವವರ ನಡುವೆ ಹುಡುಕಿದ್ದು ಗಮನಿಸಬೇಕಾದ ಸಂಗತಿ.

ಫಕೀರನ ಪಕ್ಷದವರು ಮುಂದಿಡುವ ಬಲವಾದ ಆಧಾರ 18ನೇ ಅಧ್ಯಾಯದ ಮೂಸಾ ಮತ್ತು ಖಿಜರರ ಪ್ರಸಂಗ. ಖಿಜರರ ಕೈಯಿಂದ ದೋಣಿಗೆ ತೂತು, ಹುಡುಗನ ಸಾವು, ಕುಸಿಯುವ ಗೋಡೆಗೆ ಆಸರೆ. ಶಾಸ್ತ್ರ ಬಲ್ಲ ಮೂಸಾರಿಗೆ ಮೂರೂ ಅರ್ಥವಾಗುವುದಿಲ್ಲ. ಆದರೆ ಆ ಕಥೆ ಖಿಜರರು ದೇವರಿಂದ ಪಡೆದದ್ದನ್ನೂ ಇಲ್ಮ್ ಎಂದೇ ಕರೆಯುತ್ತದೆ; ಜೊತೆಗೆ ಮೂಸಾರು ಶಿಷ್ಯನಾಗಿ ಕಲಿಯಲು ಹೊರಟವರು. ಅದು ಜ್ಞಾನ ಸೋತ ಕಥೆಯಲ್ಲ, ಕಲಿಕೆಗೆ ಬೇಕಾದ ತಾಳ್ಮೆಯ ಕಥೆ.

ದಾವೂದರ ಗೌರವವನ್ನು ವ್ಯಾಖ್ಯಾನ ಪರಂಪರೆ ಕಾಪಾಡಿದ ಬಗೆಯೂ ದೊಡ್ಡದು. 728ರಲ್ಲಿ ತೀರಿಕೊಂಡ ಬಸ್ರಾದ ಹಸನ್ ಈ ವಾಕ್ಯದಲ್ಲಿ ನ್ಯಾಯಾಧೀಶರಿಗೆಲ್ಲ ಅಭಯ ಕಂಡರು: ಮಗನನ್ನು ಹೊಗಳಿದ ದೇವರು ತಂದೆಯನ್ನು ಹಳಿಯಲಿಲ್ಲ. ಪ್ರಾಮಾಣಿಕ ಜ್ಞಾನದಿಂದ ಹೇಳಿದ ತೀರ್ಪು, ಅದಕ್ಕಿಂತ ಉತ್ತಮವಾದದ್ದು ಮುಂದೆ ಬಂದರೂ, ಪಾಪವಾಗುವುದಿಲ್ಲ.

ಕಾಜಿಯ ಭೂಮಿ, ಸರ್ಕಾರದ ಕೊಂಡವಾಡ

ಗ್ರಂಥದಲ್ಲಿ ಇಷ್ಟು ದೂರ ಬಂದದ್ದು ನೆಲದ ಮೇಲೆ ಏನಾಯಿತು? ಮುಸ್ಲಿಂ ಧರ್ಮಶಾಸ್ತ್ರ ಈ ಹೊಲವನ್ನು ಬಿಡಲಿಲ್ಲ. ಪ್ರವಾದಿಯವರ ಕಾಲದಲ್ಲಿ ಒಂಟೆಯೊಂದು ತೋಟಕ್ಕೆ ನುಗ್ಗಿದ ಪ್ರಸಂಗದ ಆಧಾರದ ಮೇಲೆ, ಹಗಲು ತೋಟ ಕಾಯುವುದು ತೋಟದವನ ಹೊಣೆ, ರಾತ್ರಿ ದನ ಕಾಯುವುದು ದನದವನ ಹೊಣೆ ಎಂದು ಆ ಶಾಸ್ತ್ರದ ಮಾಲಿಕಿ, ಶಾಫಿಈ ಪಂಥಗಳವರು ನಿರ್ಧರಿಸಿದರು. ತಾನಾಗಿ ತಪ್ಪಿಸಿಕೊಂಡ ದನದ ಹಾನಿಗೆ ಒಡೆಯ ಹೊಣೆಯಲ್ಲವೆಂದು ಹನಫಿ ಪಂಥದವರು ಹೇಳಿದರು. ನಮ್ಮ ಒಳನಾಡಿನ ಮುಸ್ಲಿಮರಲ್ಲಿ ಹನಫಿಗಳೇ ಹೆಚ್ಚು, ಕರಾವಳಿಯ ಕಡೆ ಶಾಫಿಈಗಳು. ಒಂದೇ ಹೊಲಕ್ಕೆ ಘಟ್ಟದ ಮೇಲೊಂದು, ಕೆಳಗೊಂದು ನ್ಯಾಯ ಇರಬಹುದಿತ್ತು. ಯಾವುದನ್ನು ಎಲ್ಲಿ ಹೇಗೆ ಅನ್ವಯಿಸಬೇಕೆಂಬ ತೂಗಾಟ ಕಾಜಿಯ ಪಾಲಿಗೆ ಬರುತ್ತಿತ್ತು.

ಕಾಜಿಗಳ ಕುರುಹು ಬೆಳಗಾವಿ ಸೀಮೆಯ ಇನಾಮು ದಾಖಲೆಗಳಲ್ಲಿದೆ. ಸುಲ್ತಾನರು, ಮೊಗಲರು, ಸವಣೂರು ನವಾಬರು, ಪೇಶ್ವೆಗಳು ಒಬ್ಬರಾದ ಮೇಲೊಬ್ಬರು ಆಳಿದರೂ ಕಾಜಿ, ಮುಲ್ಲಾಗಳ ಭೂಮಿಯ ಲೆಕ್ಕ ಮುಂದುವರಿದುಕೊಂಡು ಬಂತು. 1852ರ 11ನೇ ಕಾಯಿದೆಯ ಕೆಳಗೆ ಇನಾಮ್ ಕಮಿಷನ್ ಹಕ್ಕುಗಳನ್ನು ತನಿಖೆ ಮಾಡಿತು. ಅದು ಕೇಳಿದ್ದು ಭೂಮಿ ಯಾರದು, ಸನದು ಯಾರು ಕೊಟ್ಟದ್ದು, ಎಷ್ಟು ತಲೆಮಾರಿನ ಭೋಗ ಎಂಬುದನ್ನು. ಆ ಭೂಮಿ ಉಂಡವನು ಏನು ಓದಿದ್ದ, ಎಂಥ ತೀರ್ಪು ಹೇಳಿದ್ದ ಎಂದು ಅದು ಕೇಳಲಿಲ್ಲ. 1864ರ ಕಾಯಿದೆಯೊಂದು ಸರ್ಕಾರ ಕಾಜಿಗಳನ್ನು ನೇಮಿಸುವ ಪದ್ಧತಿಯನ್ನೇ ನಿಲ್ಲಿಸಿತು. 1880ರಲ್ಲಿ ಕಾಜಿ ನೇಮಕಕ್ಕೆ ಮತ್ತೆ ಕಾಯಿದೆ ಬಂದರೂ ನ್ಯಾಯ ಹೇಳುವ ಅಧಿಕಾರ ತಿರುಗಿ ಬರಲಿಲ್ಲ. ಕಾಜಿ ನಿಕಾಹಿಗೆ ಕರೆಸಿಕೊಳ್ಳುವವನಾಗಿ ಉಳಿದ. ಓದಿಯೂ ಬದುಕಿಗೆ ದೂರವಾದ ಮುಲ್ಲಾನ ಚಿತ್ರ ನಮ್ಮಲ್ಲಿ ಗಟ್ಟಿಯಾದದ್ದರಲ್ಲಿ ಈ ಕಾಯಿದೆಗಳ ಪಾಲು ದೊಡ್ಡದೆಂದು ನಾನು ನಂಬುತ್ತೇನೆ. ತೀರ್ಪು ಹೇಳುವ ಕೆಲಸ ಕೈಬಿಟ್ಟಾಗ ಜ್ಞಾನಕ್ಕೆ ತನ್ನ ವಿವೇಕವನ್ನು ತೋರಿಸುವ ಜಾಗವೇ ಇಲ್ಲವಾಯಿತು.

ಮೇದ ಹೊಲದ ನ್ಯಾಯವೂ ಬದಲಾಯಿತು. 1871ರ ದನಗಳ ಅತಿಕ್ರಮಣ ಕಾಯಿದೆ ಊರೂರಿಗೆ ಕೊಂಡವಾಡ ತಂದಿತು. ಹೊಲ ಹೊಕ್ಕ ದನವನ್ನು ಹಿಡಿದು ಕೊಂಡವಾಡಕ್ಕೆ ತುಂಬಬೇಕು, ಒಡೆಯ ತಲೆಗಿಷ್ಟೆಂದು ದಂಡ ಕಟ್ಟಿ ಬಿಡಿಸಿಕೊಳ್ಳಬೇಕು. ದಂಡ ಸೇರುವುದು ಸರ್ಕಾರದ ಲೆಕ್ಕಕ್ಕೆ. ಬೆಳೆ ಹೋದ ರೈತ ಪರಿಹಾರ ಬೇಕೆಂದರೆ ಬೇರೆ ದಾವೆ ಹೂಡಬೇಕು. ದಾವೂದರ ತೀರ್ಪಿನಲ್ಲಿ ಹೊಲದವನಿಗೆ ಪೂರ್ತಿ ಪರಿಹಾರವಿತ್ತು, ಸುಲೈಮಾನರ ತೀರ್ಪಿನಲ್ಲಿ ಇಬ್ಬರ ಬದುಕೂ ಉಳಿಯುತ್ತಿತ್ತು. ಕೊಂಡವಾಡದ ರಸೀದಿಯಲ್ಲಿ ದಂಡದ ಮೊತ್ತ ಮಾತ್ರ ಇರುತ್ತದೆ.

ಹಾಡಿನವರೂ ಓದಿದವರು

ಇನ್ನು ಹಾಡಿನ ಪರಂಪರೆ. ರಿಚರ್ಡ್ ಈಟನ್ 1978ರಲ್ಲಿ ಪ್ರಕಟಿಸಿದ ವಿಜಯಪುರದ ಸೂಫಿಗಳ ಅಧ್ಯಯನ, ಬೀಸುವ ಕಲ್ಲಿನ ಮುಂದೆ ಹೆಂಗಸರು ಹಾಡಿಕೊಳ್ಳಲೆಂದು ದಖನಿಯಲ್ಲಿ ಹುಟ್ಟಿದ ಚಕ್ಕೀನಾಮಾಗಳನ್ನು ಬೆಳಕಿಗೆ ತಂದಿತು. ಇವುಗಳ ಹಿಂದಿದ್ದದ್ದು 1499ರಲ್ಲಿ ತೀರಿಕೊಂಡ ಶಾಹ ಮೀರಾಂಜಿ, ಅವರ ಮಗ ಬುರ್ಹಾನುದ್ದೀನ್ ಜಾನಂ, ಅಮೀನುದ್ದೀನ್ ಆಲಾ ಅವರ ಮನೆತನ. ಗದ್ಯ ಪದ್ಯಗಳಲ್ಲಿ ತತ್ವಗ್ರಂಥ ಬರೆದ ವಿದ್ವಾಂಸರ ಮನೆತನವದು. ಹಾಡು ಅಲ್ಲಿ ಓದಿನ ಎದುರಾಳಿಯಲ್ಲ. ಓದನ್ನು ಅಕ್ಷರ ಬಾರದವರ ಮನೆಗೂ ಮುಟ್ಟಿಸಲು ಕಂಡುಕೊಂಡ ದಾರಿ.

ಕನ್ನಡದಲ್ಲೂ ಹಾಗೇ. 1819ರಿಂದ 1889ರವರೆಗೆ ಬದುಕಿದ ಶಿಶುನಾಳ ಶರೀಫರು ಕನ್ನಡ ಶಾಲೆಯ ಮಾಸ್ತರರಾಗಿದ್ದವರು. ಕಳಸದ ಗೋವಿಂದಭಟ್ಟರ ಬಳಿ ಶಿಷ್ಯರಾಗಿ ಕಲಿತವರು. ಅವರನ್ನು ಓದಿಲ್ಲದ ಜಾಣರೆಂದು ಕೊಂಡಾಡುವುದು ಅವರಿಗೂ ಗುರುವಿಗೂ ಮಾಡುವ ಅನ್ಯಾಯ. ಮೊಹರಂ ಬಂದರೆ ನಮ್ಮ ಹಳ್ಳಿಗಳಲ್ಲಿ ರಿವಾಯತ್ ಪದಗಳ ಮೇಳಗಳು ಸವಾಲು ಜವಾಬು ನಡೆಸುತ್ತವೆ. ಕರ್ಬಲಾದ ಕಥೆ, ಪ್ರವಾದಿಗಳ ಕಥೆ, ಲೆಕ್ಕದ ಒಗಟು ಯಾವುದರಲ್ಲಿ ಸೋತರೂ ಮೇಳಕ್ಕೆ ಅವಮಾನ. ಪರಂಪರೆಯಿಂದ ಬಂದದ್ದನ್ನು ತಪ್ಪದೆ ನೆನಪಿಟ್ಟುಕೊಳ್ಳುವ ಶಿಸ್ತು, ಎದುರಿನವನ ಪ್ರಶ್ನೆಗೆ ಆ ಕ್ಷಣಕ್ಕೆ ತಕ್ಕ ಉತ್ತರ ಕಟ್ಟುವ ಜಾಣ್ಮೆ, ಎರಡೂ ಇಲ್ಲದೆ ಅಲ್ಲಿ ನಿಲ್ಲಲಾಗದು.

ದಾಖಲೆಗಳು ನನಗೆ ಕಲಿಸಿದ್ದು ಇದನ್ನು. ಕುರಾನ್ ವಿದ್ವತ್ತಿನಲ್ಲಿ ವಿವೇಕವೆಂಬುದು ಜ್ಞಾನದ ಪ್ರತಿಪಕ್ಷವಲ್ಲ, ಅದರ ಮೇಲಿನ ಮೆಟ್ಟಿಲೂ ಅಲ್ಲ. ಜ್ಞಾನ ಇನ್ನೊಬ್ಬನ ಬದುಕನ್ನು ಮುಟ್ಟಿದಾಗ ಅದು ನಡೆದುಕೊಳ್ಳುವ ರೀತಿ. ಆದ್ದರಿಂದಲೇ ಅದನ್ನು ತೀರ್ಪುಗಳಲ್ಲಿ, ಪಾಠ ಹೇಳಿದ ಬಗೆಯಲ್ಲಿ, ಹಾಡಿನಲ್ಲಿ ಹುಡುಕಬೇಕು. ಕೆಲಸ ಬೇಕಾದಷ್ಟಿದೆ. ವಿಜಯಪುರದ ಬಿ.ಎಲ್.ಡಿ.ಇ. ಸಂಸ್ಥೆಯ ಡಾ. ಫ.ಗು. ಹಳಕಟ್ಟಿ ಸಂಶೋಧನ ಕೇಂದ್ರ ಎಂ.ಎಂ. ಕಲಬುರ್ಗಿಯವರ ಮುಂದಾಳುತನದಲ್ಲಿ ಆದಿಲ್‌ಶಾಹಿ ಸಾಹಿತ್ಯವನ್ನು ಕನ್ನಡಕ್ಕೆ ತಂದಿತು. ರಹಮತ್ ತರೀಕೆರೆಯವರು ಕರ್ನಾಟಕದ ಸೂಫಿಗಳನ್ನು ಊರೂರು ಸುತ್ತಿ ದಾಖಲಿಸಿದರು. ಇವೆರಡರ ನಡುವೆ ಸವದತ್ತಿ ಸೀಮೆಯ ಕಾಜಿ ಮನೆತನಗಳ ಸನದುಗಳಿವೆ, ಪುಣೆಯ ಪೇಶ್ವೆ ದಫ್ತರದ ಮೋಡಿ ಕಾಗದಗಳಿವೆ, ಮೇಳಗಳ ಕೈಬರಹದ ಪದಗಳಿವೆ. ಮೋಡಿ, ಫಾರಸಿ, ಕನ್ನಡ ಮೂರನ್ನೂ ಓದಬಲ್ಲ ಹೊಸಬರು ಇವುಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ಫಕೀರನ ಅರಿವನ್ನು ಮೆಚ್ಚುವವರು ಅವನ ಓದನ್ನೂ ಹುಡುಕಲಿ. ಮುಲ್ಲಾನ ಓದನ್ನು ಹಳಿಯುವವರು ಅವನು ಬಿಡಿಸಿದ ವ್ಯಾಜ್ಯಗಳನ್ನೂ ಹುಡುಕಲಿ. ಅಲ್ಲಿಯವರೆಗೆ ಇಬ್ಬರ ಬಗ್ಗೆಯೂ ನಾವು ಹೇಳಿಕೊಂಡು ಬಂದ ತೀರ್ಪನ್ನು ಬಾಕಿ ಇಡುವುದೇ ನ್ಯಾಯ.